ಭತ್ತದ ಹೊಟ್ಟು ಕಾಪಾಡಿದ ಮೂಸೆ

ಲೋಹ ಕರಗಿಸೋಕೆ ಮೂಸೆ ಆರಿಸುವಾಗ ನಾವು ಮೊದಲು ಕೇಳೋದು: ಇದು ಎಷ್ಟು ಡಿಗ್ರಿ ತಡೆಯುತ್ತೆ? ಇದು ಅರ್ಧ ಪ್ರಶ್ನೆ ಅಷ್ಟೇ. ಒಳಗಿನ ದ್ರವದ ಜೊತೆ ಮೂಸೆಯ ಗೋಡೆ ರಾಸಾಯನಿಕವಾಗಿ ಹೇಗೆ ವರ್ತಿಸುತ್ತೆ ಅನ್ನೋದು ಉಳಿದರ್ಧ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ.

ಹೊಳಲ್ಕೆರೆ ತಾಲ್ಲೂಕಿನ ಗಟ್ಟಿಹೊಸಹಳ್ಳಿಯಲ್ಲಿ ಹಿಂದೆ ಮೂಸೆ ಉಕ್ಕು ತಯಾರಾಗುತ್ತಿತ್ತು. ಹೊರಗಿನವರು ‘ವೂಟ್ಜ್’ ಎಂದು ಕರೆದದ್ದು ಇಂಥ ಉಕ್ಕನ್ನೇ. ಟಿ.ಆರ್. ಅನಂತರಾಮು ಮತ್ತು ಸಂಗಡಿಗರು 1999ರಲ್ಲಿ ಈ ಊರಿನ ಮೂಸೆ ಉಕ್ಕಿನ ಬಗ್ಗೆ ಸಂಶೋಧನಾ ಲೇಖನ ಪ್ರಕಟಿಸಿದರು.

ಮೈಸೂರು ಸೀಮೆಯ ವಿಧಾನ ಸರಳ: ಮೆದು ಕಬ್ಬಿಣದ ತುಂಡು, ಜೊತೆಗೆ ತಂಗಡಿ ಕಡ್ಡಿ, ಹಸಿ ಎಲೆ, ಬಾಯಿ ಮುಚ್ಚಿ ಗಂಟೆಗಟ್ಟಲೆ ಕಾಯಿಸೋದು. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಇಂಗಾಲ ಸೇರಿದಂತೆ ಈ ತಾಪ ಇಳಿಯುತ್ತದೆ.

ಸಮಸ್ಯೆ ಎಲ್ಲಿ? ಮೆದು ಕಬ್ಬಿಣದಲ್ಲೂ ಜೇಡಿಮಣ್ಣಿನಲ್ಲೂ ಐರನ್ ಆಕ್ಸೈಡ್ ಇರುತ್ತೆ. ಅದು ಗೋಡೆಯ ಸಿಲಿಕಾ ಜೊತೆ ಸೇರಿದರೆ:

ಐರನ್ ಆಕ್ಸೈಡ್ + ಸಿಲಿಕಾ → ಫಯಲೈಟ್

ಫಯಲೈಟ್ ಸುಮಾರು 1205 ಡಿಗ್ರಿಗೇ ಕರಗುತ್ತದೆ. ಅಂದರೆ ಉಕ್ಕು ಕರಗೋ ಮೊದಲೇ ಗೋಡೆ ಕರಗಿ ಸೋರಬೇಕಿತ್ತು!

ಸೋರಲಿಲ್ಲ, ಯಾಕೆಂದರೆ ಕುಶಲಕರ್ಮಿಗಳು ಮಣ್ಣಿಗೆ ಭತ್ತದ ಹೊಟ್ಟನ್ನು ಧಾರಾಳವಾಗಿ ಕಲಸುತ್ತಿದ್ದರು. ಹೊಟ್ಟು ಸುಟ್ಟು ಗೋಡೆಯೊಳಗೇ ಇದ್ದಿಲಾಗುತ್ತದೆ:

ಐರನ್ ಆಕ್ಸೈಡ್ + ಇಂಗಾಲ → ಕಬ್ಬಿಣ + ಕಾರ್ಬನ್ ಮೊನಾಕ್ಸೈಡ್

ಗೋಡೆಯನ್ನು ತಿನ್ನಬೇಕಿದ್ದ ಆಕ್ಸೈಡ್ ಲೋಹವಾಗಿ ಬದಲಾಗುತ್ತೆ. ಹಳೆಯ ಮೂಸೆ ಚೂರುಗಳ ಕಪ್ಪು ಗೋಡೆಯಲ್ಲಿ ಕಾಣುವ ಸಣ್ಣ ಕಬ್ಬಿಣದ ಹನಿಗಳೇ ಇದಕ್ಕೆ ಸಾಕ್ಷಿ. ಹೊಟ್ಟಿನ ಸಿಲಿಕಾ ಅಸ್ಥಿಪಂಜರದಂತೆ ಉಳಿದು ಗೋಡೆಗೆ ಬಲ ಕೊಡುತ್ತದೆ. ಹೊರಮೈಯಲ್ಲಿ ಬೂದಿಯ ಕ್ಷಾರ ತಾಗಿ ಗಾಜಿನ ಪದರ ಕಟ್ಟುತ್ತೆ. ಅದು ಗಾಳಿಯನ್ನು ತಡೆದು ಒಳಗಿನ ಇಂಗಾಲವನ್ನು ಉಳಿಸುತ್ತದೆ.

ಆದರೆ ಇದಕ್ಕೂ ಮಿತಿ ಇದೆ. ತಾಪ ತುಂಬಾ ಏರಿದರೆ ಇಂಗಾಲ ಸಿಲಿಕಾವನ್ನೇ ಒಡೆದು, ಸಿಲಿಕಾನ್ ಲೋಹಕ್ಕೆ ಸೇರುತ್ತೆ. ಇಂದಿನ ಫೌಂಡ್ರಿಗಳಲ್ಲಿ ಸಿಲಿಕಾ ಲೈನಿಂಗ್ ಇರುವ ಇಂಡಕ್ಷನ್ ಫರ್ನೇಸ್‌ಗೂ ಇದೇ ತಲೆನೋವು. ಕರಗಿದ ಅಲ್ಯೂಮಿನಿಯಂ ಇನ್ನೂ ಜೋರು. ಇಂಗಾಲದ ಸಹಾಯವಿಲ್ಲದೆ ತಾನೇ ಸಿಲಿಕಾದ ಆಮ್ಲಜನಕ ಕಿತ್ತುಕೊಂಡು ಅಲ್ಯೂಮಿನಾ ಆಗುತ್ತದೆ.

ಈಗ ಒಂದು ಪ್ರಶ್ನೆ ನಿಮಗೆ: ಹೆಚ್ಚು ಮ್ಯಾಂಗನೀಸ್ ಇರುವ ಉಕ್ಕನ್ನು ಕರಗಿಸೋಕೆ ಸಿಲಿಕಾ ಬಿಟ್ಟು ಮೆಗ್ನೀಷಿಯಾ ಲೈನಿಂಗ್ ಯಾಕೆ ಬಳಸ್ತಾರೆ? ಎಲಿಂಗ್‌ಹ್ಯಾಮ್ ನಕ್ಷೆ ತೆಗೆದು ನೋಡಿ. ಜೊತೆಗೆ, ಮ್ಯಾಂಗನೀಸ್ ಆಕ್ಸೈಡ್ ಸಿಲಿಕಾಗೆ ಸೇರಿದರೆ ಕರಗುವ ತಾಪ ಏನಾಗುತ್ತೆ ಅಂತಾನೂ ಯೋಚಿಸಿ. ಫಯಲೈಟ್ ಕಥೆ ನೆನಪಿದ್ದರೆ ಉತ್ತರ ಕಷ್ಟವಲ್ಲ.