ಕಲ್ನಾರಿನ ರೋಗವೂ ನ್ಯಾಯಾಲಯದ ತರ್ಕವೂ

ಕಲ್ಲನ್ನು ನಾರಿನಂತೆ ಬಿಡಿಸಿ ನೂಲಬಹುದೆಂದರೆ ಅಚ್ಚರಿಯಾದೀತು. ಆಸ್‌ಬೆಸ್ಟಾಸ್ ಅಂತಹ ಖನಿಜ. ಕನ್ನಡದಲ್ಲಿ ಅದಕ್ಕೆ ಕಲ್ನಾರೆಂಬ ಒಪ್ಪುವ ಹೆಸರಿದೆ. ಬೆಂಕಿಗೆ ಅಳುಕದ ಈ ನಾರನ್ನು ಹಬೆಯ ಕೊಳವೆಗಳಿಗೆ ಸುತ್ತಿದರು. ಸಿಮೆಂಟಿನೊಡನೆ ಕಲಸಿ ಚಾವಣಿಯ ತಗಡುಗಳನ್ನು ಮಾಡಿದರು. ಆದರೆ ಇದರ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಿರುತ್ತವೆ. ಉಸಿರಿನೊಡನೆ ಶ್ವಾಸಕೋಶದ ಆಳವನ್ನು ಸೇರಿದರೆ ಅವುಗಳಲ್ಲಿ ಹಲವನ್ನು ದೇಹವು ಹೊರದೂಡಲಾರದು.

ಇದರಿಂದ ಬರುವ ಎರಡು ರೋಗಗಳ ವ್ಯತ್ಯಾಸವನ್ನು ನಾವು ಮೊದಲು ತಿಳಿಯಬೇಕು. ಮುಂದಿನ ವ್ಯಾಜ್ಯವೆಲ್ಲ ಅದನ್ನೇ ಅವಲಂಬಿಸಿದೆ. ಆಸ್‌ಬೆಸ್ಟೋಸಿಸ್‌ನಲ್ಲಿ ಶ್ವಾಸಕೋಶವು ಕಲೆಗಟ್ಟಿ ಗಡುಸಾಗುತ್ತದೆ. ಒಳಹೊಕ್ಕ ಧೂಳು ಹೆಚ್ಚಿದಷ್ಟೂ ರೋಗ ಬಲಿಯುವುದರಿಂದ, ಹತ್ತು ವರ್ಷ ದುಡಿಸಿಕೊಂಡ ಮಾಲೀಕನ ಪಾಲೆಷ್ಟು, ಎರಡು ವರ್ಷ ದುಡಿಸಿಕೊಂಡವನ ಪಾಲೆಷ್ಟು ಎಂದು ಪರಿಹಾರವನ್ನು ಹಂಚಿ ವಿಧಿಸಬಹುದು. ಮೀಸೋಥೀಲಿಯೋಮ ಹಾಗಲ್ಲ. ಇದು ಬಹುಮಟ್ಟಿಗೆ ಶ್ವಾಸಕೋಶದ ಹೊರಪೊರೆಯಲ್ಲಿ ಹುಟ್ಟುವ ಕ್ಯಾನ್ಸರ್. ಧೂಳು ಹೆಚ್ಚಿದಂತೆ ಇದು ಬರುವ ಸಂಭವ ಹೆಚ್ಚುವುದೇ ಹೊರತು, ಬಂದ ಮೇಲೆ ಅದರ ಉಗ್ರತೆ ಧೂಳಿನ ಮೊತ್ತವನ್ನು ಅನುಸರಿಸುವುದಿಲ್ಲ. ಅದು ತಲೆದೋರುವುದಾದರೂ ಸಾಮಾನ್ಯವಾಗಿ 30-40 ವರ್ಷಗಳ ತರುವಾಯ.

ಇಂಗ್ಲೆಂಡಿನ ಫೇರ್‌ಚೈಲ್ಡ್ ಮೊಕದ್ದಮೆಯಲ್ಲಿ ಈ ತೊಡಕು ಎದುರಾಯಿತು. ರೋಗಿಗಳು ಒಬ್ಬರಾದ ಮೇಲೊಬ್ಬ ಮಾಲೀಕರಲ್ಲಿ ದುಡಿದು ಹಲವೆಡೆ ಧೂಳನ್ನು ಸೇವಿಸಿದ್ದರು. ‘ಈತನ ತಪ್ಪಿಲ್ಲದಿದ್ದರೆ ಈ ಹಾನಿಯಾಗುತ್ತಿರಲಿಲ್ಲ’ ಎಂದು ವಾದಿಯು ತೋರಿಸಿಕೊಡಬೇಕೆಂಬುದು ರೂಢಿಯ ನ್ಯಾಯಸೂತ್ರ. ಯಾರ ಕಾರ್ಖಾನೆಯ ಎಳೆ ಕ್ಯಾನ್ಸರಿಗೆ ಮೂಲವಾಯಿತೆಂದು ಯಾವ ಸೂಕ್ಷ್ಮದರ್ಶಕವೂ ಹೇಳಲಾರದು. ಆದುದರಿಂದ 2001ರಲ್ಲಿ ಮೇಲ್ಮನವಿಯ ನ್ಯಾಯಾಲಯವು ವಾದಿಗಳನ್ನು ಬರಿಗೈಯಲ್ಲಿ ಕಳುಹಿಸಿತು. ವಿಚಿತ್ರವಲ್ಲವೆ? ತಪ್ಪಿತಸ್ಥನು ಒಬ್ಬನೇ ಆಗಿದ್ದರೆ ಪರಿಹಾರ ತೆರಬೇಕು; ಇಬ್ಬರಾದರೆ ಇಬ್ಬರೂ ಪಾರು!

2002ರಲ್ಲಿ ಹೌಸ್ ಆಫ್ ಲಾರ್ಡ್ಸ್ ಈ ತೀರ್ಪನ್ನು ತಳ್ಳಿಹಾಕಿತು. ಇಂತಹ ಪ್ರಸಂಗದಲ್ಲಿ, ಮಾಲೀಕನ ಕರ್ತವ್ಯಲೋಪದಿಂದ ರೋಗದ ಅಪಾಯವು ಗಣನೀಯವಾಗಿ ಹೆಚ್ಚಿತೆಂದು ತೋರಿಸಿದರೆ ಸಾಕೆಂದಿತು. 2006ರಲ್ಲಿ ಅದೇ ಪೀಠವು, ಪ್ರತಿಯೊಬ್ಬ ಮಾಲೀಕನೂ ತನ್ನ ಪಾಲನ್ನಷ್ಟೇ ತೆರಬೇಕೆಂದು ಇನ್ನೊಂದು ಮೊಕದ್ದಮೆಯಲ್ಲಿ ಹೇಳಿತು. ಮುಚ್ಚಿಹೋದ ಕಂಪನಿಯ ಪಾಲನ್ನು ಯಾರಿಂದ ವಸೂಲು ಮಾಡುವುದು? ಪಾರ್ಲಿಮೆಂಟು ಅದೇ ವರ್ಷ ಕಾಯಿದೆಯನ್ನು ಮಾಡಿ, ಮೀಸೋಥೀಲಿಯೋಮದ ರೋಗಿಯು ಹೊಣೆಗಾರರಲ್ಲಿ ಯಾರೊಬ್ಬನಿಂದಲೂ ಪೂರ್ಣ ಮೊತ್ತವನ್ನು ಪಡೆಯಬಹುದೆಂದು ವಿಧಿಸಿತು. ಉಳಿದವರಿಂದ ಪಾಲು ಕೇಳುವುದು ತೆತ್ತವನ ಕೆಲಸ. ಈ ಏರ್ಪಾಡೇ ನ್ಯಾಯವೆಂದು ನಮಗೆ ತೋರುತ್ತದೆ.

ನಮ್ಮ ದೇಶದಲ್ಲಾದರೋ ತೊಡಕು ಇನ್ನೂ ಮೊದಲೇ ಆರಂಭವಾಗುತ್ತದೆ. ಗುತ್ತಿಗೆದಾರನ ಕೈಕೆಳಗೆ ದಿನಗೂಲಿಗೆ ದುಡಿದು ಊರು ಬಿಟ್ಟವನು, ತಾನು ಅಲ್ಲಿ ದುಡಿದೆನೆಂಬುದನ್ನೇ ಹೇಗೆ ಸಾಧಿಸಬೇಕು? 1995ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಕಲ್ನಾರಿನ ಕಾರ್ಮಿಕರನ್ನು ಕುರಿತ ಮೊಕದ್ದಮೆಯೊಂದರಲ್ಲಿ, ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆಜ್ಞಾಪಿಸಿತು. ಮೊಕದ್ದಮೆಗೆ ಸಂಬಂಧಿಸಿದ ಕಾರ್ಮಿಕರನ್ನು ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯಲ್ಲಿ ಮರುಪರೀಕ್ಷಿಸಿ, ರೋಗವು ಖಚಿತವಾದವರಿಗೆ ಕಾರ್ಖಾನೆಯವರು ಮೂರು ತಿಂಗಳೊಳಗಾಗಿ ತಲಾ ಒಂದು ಲಕ್ಷ ರೂಪಾಯಿ ಕೊಡಬೇಕೆಂದೂ ಆ ತೀರ್ಪಿನಲ್ಲಿದೆ.