ಸಾವಿನ ಮನೆಯ ಮೊದಲ ಆರು ತಿಂಗಳು: ಪರಿಹಾರದ ಹಕ್ಕು ಕೈತಪ್ಪದಿರಲಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳದ್ದೇ ಸಾಲು. ಹಿಂಬದಿ ದೀಪವಿಲ್ಲದೆ ದಾರಿಯಲ್ಲೇ ನಿಂತ ಟ್ರೇಲರ್‌ಗೆ ರಾತ್ರಿ ಬೈಕ್ ಸವಾರ ಗುದ್ದಿ ಸತ್ತರೆ, ಮಣ್ಣು ಮುಗಿಯುವುದರೊಳಗೆ ಹಿರಿಯರು ರಾಜಿಗೆ ಕೂಡುತ್ತಾರೆ. ಒಂದಿಷ್ಟು ರೊಕ್ಕ, ಒಂದು ಬಾಂಡ್ ಪೇಪರ್, ಎರಡು ಸಹಿ. "ಹೋದಾವ ಹೋದ, ಕೋರ್ಟು ಕಚೇರಿ ಯಾಕ ಬೇಕ್ರಿ" ಎನ್ನುವ ಮಾತಿನಲ್ಲಿ ಅನುಕಂಪವೂ ಇರುತ್ತದೆ. ಆದರೆ ಆ ಸಹಿಯಿಂದ ಹೆಂಡತಿ ಮಕ್ಕಳು ಕಳೆದುಕೊಳ್ಳುವ ಮೊತ್ತ ಎಷ್ಟೆಂದು ಅಲ್ಲಿ ಯಾರೂ ಲೆಕ್ಕ ಹಾಕಿರುವುದಿಲ್ಲ.

ಬೇರೊಬ್ಬರ ನಿರ್ಲಕ್ಷ್ಯದಿಂದ ಸಾವಾದರೆ ಪರಿಹಾರ ಕೇಳುವುದು ಅವಲಂಬಿತರ ಕಾನೂನುಬದ್ಧ ಹಕ್ಕು. ಅದನ್ನು ಪಡೆಯಲು ಮುಖ್ಯವಾಗಿ ಮೂರು ಸಂಗತಿ ತಿಳಿದಿರಬೇಕು: ಯಾರ ಮುಂದೆ ಕೇಳಬೇಕು, ಎಷ್ಟು ದಿನದೊಳಗೆ ಕೇಳಬೇಕು, ಯಾವ ಕಾಗದ ಬೇಕು.

ಮೊದಲು ಎಫ್‌ಐಆರ್

ರಾಜಿಯ ಮಾತು ಏನೇ ನಡೆಯಲಿ, ಪೊಲೀಸ್ ದೂರು ತಡವಾಗಬಾರದು. ದೂರು ತಡವಾದಷ್ಟೂ "ವಾಹನವನ್ನು ಆಮೇಲೆ ಸೇರಿಸಿದ್ದಾರೆ" ಎಂದು ವಿಮಾ ಕಂಪನಿ ವಾದಿಸುತ್ತದೆ. ಮರಣೋತ್ತರ ಪರೀಕ್ಷೆ ಬೇಡವೆಂದು ಹಟ ಹಿಡಿಯುವುದೂ ತಪ್ಪು. ಸಾವಿಗೆ ಅಪಘಾತವೇ ಕಾರಣ ಎನ್ನುವುದಕ್ಕೆ ಆ ವರದಿಯೇ ಗಟ್ಟಿ ಆಧಾರ.

ಠಾಣೆಯಿಂದ ಪಡೆಯಬೇಕಾದ ದಾಖಲೆಗಳು: ಎಫ್‌ಐಆರ್ ಮತ್ತು ದೂರಿನ ಪ್ರತಿ, ಸ್ಥಳ ಪಂಚನಾಮೆ, ಶವ ಪಂಚನಾಮೆ, ಮರಣೋತ್ತರ ವರದಿ, ಮೋಟಾರು ವಾಹನ ನಿರೀಕ್ಷಕರ ವರದಿ, ಮುಂದೆ ದೋಷಾರೋಪ ಪಟ್ಟಿ. ಕಬ್ಬಿನ ಗಾಡಿಯಾದರೆ ಒಂದು ಸೂಕ್ಷ್ಮವಿದೆ. ಟ್ರ್ಯಾಕ್ಟರ್‌ಗೆ ಒಂದು ನೋಂದಣಿ ಸಂಖ್ಯೆ, ಟ್ರೇಲರ್‌ಗೆ ಇನ್ನೊಂದು. ಪಂಚನಾಮೆಯಲ್ಲಿ ಎಲ್ಲವೂ ನಮೂದಾಗಿವೆಯೇ, ಪ್ರತಿಯೊಂದಕ್ಕೂ ವಿಮೆ ಇದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಟ್ರೇಲರ್‌ನಲ್ಲಿ ಕುಳಿತು ಹೊರಟಿದ್ದ ಕೂಲಿಯವರು ಸತ್ತರೆ ವಿಮಾ ಕಂಪನಿ ಹೊಣೆ ಜಾರಿಸಿಕೊಳ್ಳಲು ನೋಡುತ್ತದೆ. ಆಗಲೂ ವಾಹನದ ಮಾಲೀಕರ ಹೊಣೆ ತಪ್ಪುವುದಿಲ್ಲ.

ಚಾಲಕನ ಮೇಲಿನ ಕ್ರಿಮಿನಲ್ ಪ್ರಕರಣ ಬೇರೆ, ಪರಿಹಾರದ ಅರ್ಜಿ ಬೇರೆ. ಕ್ರಿಮಿನಲ್ ಪ್ರಕರಣ ಮುಗಿಯಲೆಂದು ಕಾಯಬೇಕಿಲ್ಲ. ಅದರಲ್ಲಿ ಚಾಲಕ ಖುಲಾಸೆಯಾದ ಮಾತ್ರಕ್ಕೆ ಪರಿಹಾರದ ಬಾಗಿಲು ಮುಚ್ಚುವುದಿಲ್ಲ. ಪರಿಹಾರಕ್ಕೆ "ಹೀಗಾಗಿರುವ ಸಂಭವವೇ ಹೆಚ್ಚು" ಎಂಬಷ್ಟು ಸಾಕ್ಷ್ಯ ಸಾಕು.

ಅರ್ಜಿ ಎಲ್ಲಿ, ಎಷ್ಟು ದಿನದೊಳಗೆ?

ರಸ್ತೆ ಅಪಘಾತದ ಅರ್ಜಿ 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಹೋಗುತ್ತದೆ. ಅಪಘಾತ ನಡೆದ ಜಾಗ, ಅರ್ಜಿದಾರರು ವಾಸಿಸುವ ಊರು, ಎದುರುದಾರರ ಊರು, ಈ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಮಗ ಪುಣೆ ಹೆದ್ದಾರಿಯಲ್ಲಿ ಕೊಲ್ಹಾಪುರದ ಹತ್ತಿರ ತೀರಿಕೊಂಡರೂ ಹುಕ್ಕೇರಿಯ ತಾಯಿ ಮಹಾರಾಷ್ಟ್ರಕ್ಕೆ ಅಲೆಯಬೇಕಿಲ್ಲ. ತಮ್ಮ ಊರಿಗೆ ಅಧಿಕಾರವಿರುವ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು.

2022ರ ಏಪ್ರಿಲ್ 1ರಿಂದ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿವೆ. ಆರು ತಿಂಗಳು ದಾಟಿದವರು ಕೈಚೆಲ್ಲದೆ ವಕೀಲರನ್ನು ಕಾಣಬೇಕು. ದಾಟದವರು ಆ ಅರ್ಜಿಗಳ ಭರವಸೆಯ ಮೇಲೆ ಸುಮ್ಮನೆ ಕೂರಬಾರದು.

ಹೆಂಡತಿ, ಮಕ್ಕಳು, ತಂದೆತಾಯಿ ಎಲ್ಲರ ಹೆಸರೂ ಅರ್ಜಿಯಲ್ಲಿರಲಿ. ಮದುವೆಯಾದ ಮಕ್ಕಳೂ ಅರ್ಜಿದಾರರಾಗಬಹುದು. ಅಳಿಯನ ಆಸರೆಯಲ್ಲಿದ್ದ ಅತ್ತೆಗೂ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಲೆಕ್ಕ ಹೇಗೆ?

ಮೊತ್ತ ನ್ಯಾಯಾಧೀಶರ ಮರ್ಜಿಗೆ ಬಿಟ್ಟದ್ದಲ್ಲ. ಸರಳಾ ವರ್ಮ (2009) ಮತ್ತು ಪ್ರಣಯ್ ಸೇಥಿ (2017) ತೀರ್ಪುಗಳು ಸೂತ್ರ ಹಾಕಿಕೊಟ್ಟಿವೆ. ಒಂದು ಉದಾಹರಣೆ ನೋಡೋಣ. 34 ವರ್ಷದ ಗೌಂಡಿ, ತಿಂಗಳ ದುಡಿಮೆ 15,000 ರೂಪಾಯಿ. ಅವನನ್ನೇ ನಂಬಿದವರು ಹೆಂಡತಿ, ಇಬ್ಬರು ಮಕ್ಕಳು, ತಾಯಿ.

- ಸ್ವಂತ ದುಡಿಮೆ, ವಯಸ್ಸು 40ರೊಳಗೆ. ಹಾಗಾಗಿ ಮುಂದಿನ ಏಳಿಗೆಗೆಂದು ಶೇ 40 ಸೇರಿಸಿ: 21,000.
- ಅವಲಂಬಿತರು ನಾಲ್ವರು. ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯಿರಿ: 15,750.
- ವರ್ಷಕ್ಕೆ: 1,89,000.
- 31ರಿಂದ 35 ವರ್ಷದವರಿಗೆ ಗುಣಕ 16: ಒಟ್ಟು 30,24,000.

ಇದರ ಮೇಲೆ ಸಂಗಾತಿ, ತಂದೆ, ಮಗನ ಆಸರೆ ಕಳೆದುಕೊಂಡದ್ದಕ್ಕೆ ತಲಾ 40,000, ಅಂತ್ಯಕ್ರಿಯೆಗೆ 15,000, ಆಸ್ತಿ ನಷ್ಟಕ್ಕೆ 15,000 ಎಂದು 2017 ಮತ್ತು 2018ರ ತೀರ್ಪುಗಳಲ್ಲಿ ನಿಗದಿಯಾಗಿತ್ತು. ಮೂರು ವರ್ಷಕ್ಕೊಮ್ಮೆ ಇವು ಶೇ 10ರಷ್ಟು ಏರುತ್ತವೆ. ಅರ್ಜಿ ಹಾಕಿದ ದಿನದಿಂದ ಬಡ್ಡಿಯನ್ನೂ ಕೊಡಿಸಲು ಅವಕಾಶವಿದೆ. ಹಿರಿಯರ ಮುಂದೆ ರಾಜಿಗೆ ಕೂಡುವ ಮುನ್ನ ಈ 30 ಲಕ್ಷದ ಲೆಕ್ಕ ಕುಟುಂಬದ ಕೈಯಲ್ಲಿರಬೇಕು.

ಗೌಂಡಿಗೆ ಪಗಾರ ಚೀಟಿ ಎಲ್ಲಿಂದ ಬರಬೇಕು? ಆದಾಯದ ದಾಖಲೆ ಇಲ್ಲದಿದ್ದಾಗ ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ವರ್ಷವಾರು ಅಂದಾಜು ಆದಾಯದ ಪಟ್ಟಿಯನ್ನು ನಮ್ಮ ಹೈಕೋರ್ಟ್ ಆಧಾರವಾಗಿ ಬಳಸುತ್ತದೆ. ಆದರೂ ಬ್ಯಾಂಕ್ ಪಾಸ್‌ಬುಕ್, ಡೇರಿಗೆ ಹಾಲು ಹಾಕಿದ ಲೆಕ್ಕ, ಕಾರ್ಖಾನೆಯ ಕಬ್ಬಿನ ಬಿಲ್ಲು, ಪಹಣಿ ಇದ್ದರೆ ಜೋಡಿಸಿ. ಮನೆಗೆಲಸವನ್ನಷ್ಟೇ ಮಾಡುತ್ತಿದ್ದ ಗೃಹಿಣಿ ಸತ್ತರೂ ಅವಳ ದುಡಿಮೆಗೆ ಬೆಲೆ ಕಟ್ಟಲೇಬೇಕೆಂದು 2021ರ ಕೀರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಎಲ್‌ಐಸಿ ಹಣ ಬಂದಿದೆಯೆಂದು ಪರಿಹಾರದಲ್ಲಿ ಅದನ್ನು ಕಳೆಯುವಂತಿಲ್ಲ.

ವಾಹನ ಸಿಗದಿದ್ದರೆ? ತಪ್ಪು ಸತ್ತವರದ್ದೇ ಆದರೆ?

ಗುದ್ದಿದ ವಾಹನ ಓಡಿಹೋಗಿ ಪತ್ತೆಯೇ ಆಗದಿದ್ದರೆ 2022ರ ಯೋಜನೆಯಡಿ ಸಾವಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಇದಕ್ಕೆ ಕೋರ್ಟು ಬೇಡ. ತಹಶೀಲ್ದಾರರು ಅಥವಾ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟರೆ ವಿಚಾರಣೆ ನಡೆದು ಜಿಲ್ಲಾಧಿಕಾರಿಯ ಮಂಜೂರಾತಿಗೆ ಹೋಗುತ್ತದೆ. ವಾಹನ ಗೊತ್ತಿದ್ದು, ಚಾಲಕನ ತಪ್ಪು ಸಾಬೀತು ಮಾಡುವುದು ಕಷ್ಟವೆನಿಸಿದರೆ 164ನೇ ಕಲಮಿನಡಿ 5 ಲಕ್ಷ ಕೇಳಬಹುದು. ಆದರೆ 166 ಮತ್ತು 164ರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು.

ತನ್ನದೇ ಅಜಾಗರೂಕತೆಯಿಂದ ವಾಹನ ಉರುಳಿಸಿಕೊಂಡು ಸತ್ತವರ ಕುಟುಂಬಕ್ಕೆ 166ರಡಿ ಪರಿಹಾರ ಸಿಗದು. ಅರಸೀಕೆರೆ ಕಡೆಗೆ ಹೊರಟಿದ್ದ ಕಾರು 2014ರಲ್ಲಿ ಮಗುಚಿ ಚಾಲಕ ಸತ್ತಿದ್ದ. ಕುಟುಂಬ 80 ಲಕ್ಷ ಕೇಳಿತ್ತು. ಸುಪ್ರೀಂ ಕೋರ್ಟ್ ಕೂಡ 2025ರ ಜುಲೈನಲ್ಲಿ ಮನವಿಯನ್ನು ತಳ್ಳಿಹಾಕಿತು. ಇಂಥ ಸಂದರ್ಭದಲ್ಲಿ ವಿಮೆ ಪಾಲಿಸಿಯನ್ನೇ ಬಿಚ್ಚಿ ನೋಡಿ. ಮಾಲೀಕ ಚಾಲಕನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಅದರಲ್ಲಿ ಸೇರಿರಬಹುದು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗಿದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ 2 ಲಕ್ಷವೂ ಬರಬಹುದು.

ಕರೆಂಟು, ರೈಲು, ಆಸ್ಪತ್ರೆ

ಹರಿದು ಬಿದ್ದ ತಂತಿ ತುಳಿದು ಸತ್ತರೆ ವಿದ್ಯುತ್ ಸಂಸ್ಥೆಯೇ ಹೊಣೆ. ಸಂಸ್ಥೆಯ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕಿಲ್ಲ ಎಂದು ಶೈಲ್ ಕುಮಾರಿ ಪ್ರಕರಣದಲ್ಲಿ (2002) ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ನೋಟಿಸು ಯಾರಿಗೆ ಎನ್ನುವಲ್ಲಿ ನಮ್ಮ ಭಾಗದವರು ಎಡವಬಾರದು. ಗೋಕಾಕ, ಮೂಡಲಗಿಗೆ ಹೆಸ್ಕಾಂ ಇದೆ. ಹುಕ್ಕೇರಿಯ ಹಳ್ಳಿಗಳಿಗೆ ವಿದ್ಯುತ್ ಕೊಡುವುದು 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಬಿಲ್ಲಿನ ಮೇಲೆ ಯಾರ ಹೆಸರಿದೆ ನೋಡಿ. ಪೊಲೀಸ್ ದೂರಿನ ಜೊತೆ ವಿದ್ಯುತ್ ಪರಿವೀಕ್ಷಕರ ವರದಿಯನ್ನೂ ಪಡೆಯಿರಿ. ಸಂಸ್ಥೆ ಕೊಡುವ ಪರಿಹಾರ ಸಾಲದೆನಿಸಿದರೆ 1855ರ ಮಾರಕ ಅಪಘಾತ ಕಾಯ್ದೆಯಡಿ ಎರಡು ವರ್ಷದೊಳಗೆ ಸಿವಿಲ್ ದಾವೆ ಹೂಡಬಹುದು.

ಟಿಕೆಟ್ ಪಡೆದು ಹೊರಟವರು ಆಕಸ್ಮಿಕವಾಗಿ ರೈಲಿನಿಂದ ಬಿದ್ದು ಸತ್ತರೆ 8 ಲಕ್ಷ ರೂಪಾಯಿ ಇದೆ. ಅರ್ಜಿಯನ್ನು ಒಂದು ವರ್ಷದೊಳಗೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಸಲ್ಲಿಸಬೇಕು. ಘಟಪ್ರಭಾ ನಿಲ್ದಾಣದಲ್ಲಿ ಹತ್ತಿದವರ ಜೇಬಿನಲ್ಲಿದ್ದ ಟಿಕೆಟ್ ಪಂಚನಾಮೆಯಲ್ಲಿ ದಾಖಲಾಗಿದೆಯೇ ಎಂಬುದನ್ನು ಮೊದಲು ನೋಡಿ. ಹಣ ಕೊಟ್ಟು ಚಿಕಿತ್ಸೆ ಪಡೆದ ಆಸ್ಪತ್ರೆಯ ನಿರ್ಲಕ್ಷ್ಯವಾದರೆ ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ಹೋಗಬೇಕು. ಅದಕ್ಕೂ ಮೊದಲು ಚಿಕಿತ್ಸೆಯ ಪೂರ್ತಿ ದಾಖಲೆಯನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ವಕೀಲರು, ಲೋಕ ಅದಾಲತ್, ಮೇಲ್ಮನವಿ

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿದೆ. ಗಂಡನನ್ನು ಕಳೆದುಕೊಂಡ ಯಾವ ಹೆಣ್ಣುಮಗಳಿಗೂ ಇದು ಅನ್ವಯಿಸುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ. "ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ನನಗೆ" ಎಂದು ವಕೀಲರು ಕರಾರು ಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಆಸ್ಪತ್ರೆಯ ಬಾಗಿಲಲ್ಲೇ ಖಾಲಿ ವಕಾಲತ್ತಿಗೆ, ಖಾಲಿ ಚೆಕ್ಕಿಗೆ ಸಹಿ ಕೇಳುವ ದಲ್ಲಾಳಿಗಳಿಗೆ ಆಧಾರ್ ಕಾರ್ಡನ್ನೂ ಕೊಡಬೇಡಿ.

ಲೋಕ ಅದಾಲತ್‌ನಲ್ಲಿ ಹಣ ಬೇಗ ಕೈಸೇರುತ್ತದೆ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಮೇಲಿನ ಸೂತ್ರದಿಂದ ನಿಮ್ಮ ಮೊತ್ತವನ್ನು ಕಂಡುಕೊಂಡು, ಕಂಪನಿ ಹೇಳುವ ಮೊತ್ತದ ಪಕ್ಕದಲ್ಲಿ ಬರೆದು, ಆಮೇಲೆ ಸಹಿ ಮಾಡಿ. ನ್ಯಾಯಮಂಡಳಿಯ ತೀರ್ಪು ಕಡಿಮೆಯೆನಿಸಿದರೆ 90 ದಿನದೊಳಗೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ ಸಲ್ಲಿಸಬಹುದು.

ದುಃಖದ ಮನೆಯಲ್ಲಿ ಇಷ್ಟೆಲ್ಲ ಓಡಾಟ ಹೆಂಡತಿಯಿಂದಲೋ ತಾಯಿಯಿಂದಲೋ ಆಗದು. ತಮ್ಮನೋ ಭಾವನೋ, ಓದು ಬರಹ ಬಲ್ಲ ಒಬ್ಬರು ಮುಂದೆ ಬಂದು ಒಂದು ಫೈಲು ಮಾಡಲಿ. ಅದರ ಮೇಲೆ ಅಪಘಾತದ ದಿನಾಂಕ ಮತ್ತು ಆರು ತಿಂಗಳು ತುಂಬುವ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಬರೆದಿಡಲಿ. ಸಮಾಧಾನ ಹೇಳಲು ಬಂದ ಹಿರಿಯರು ರಾಜಿಪತ್ರದ ಬದಲು ಆ ಫೈಲಿಗೆ ಬೇಕಾದ ಕಾಗದ ಹೊಂದಿಸಿಕೊಟ್ಟರೆ ಆ ಮನೆಗೆ ನಿಜವಾಗಿ ನೆರವಾದಂತೆ.