ಗುಡಾರದಲ್ಲೇ ಉಳಿದ ಯೌವನಸ್ಥ

ಈ ದಿನದ ಧ್ಯಾನಕ್ಕೆ ವಿಮೋಚನಕಾಂಡ 33ನೇ ಅಧ್ಯಾಯ, 7ರಿಂದ 11ನೇ ವಚನಗಳನ್ನು ತೆರೆಯಿರಿ. ಮೊಬೈಲಲ್ಲಿ ಓದುವವರು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ.

ಸಂದರ್ಭ ನೋಡಿ. ಹಿಂದಿನ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಚಿನ್ನದ ಕರುವನ್ನು ಮಾಡಿಕೊಂಡು ಆರಾಧಿಸಿದ್ದರು. ದೇವರಿಗೂ ಜನರಿಗೂ ನಡುವೆ ಅಂತರ ಬಿದ್ದಿತ್ತು. ಮೋಶೆ ಪಾಳೆಯದ ಹೊರಗೆ, ದೂರದಲ್ಲಿ ಗುಡಾರ ಹಾಕಿ ಅದಕ್ಕೆ ದೇವದರ್ಶನದ ಗುಡಾರ ಎಂದು ಹೆಸರಿಟ್ಟನು. ಇಲ್ಲಿ ಒಂದು ಮಾತನ್ನು ನಾವು ಓದಿ ದಾಟಿಬಿಡ್ತೀವಿ. ಆ ಗುಡಾರ ಮೋಶೆ ಒಬ್ಬನಿಗೇ ಇದ್ದದ್ದಲ್ಲ. ಯೆಹೋವನನ್ನು ಹುಡುಕುವ ಯಾರೇ ಆಗಲಿ, ಎದ್ದು ಅಲ್ಲಿಗೆ ಹೋಗಬಹುದಿತ್ತು.

ಆದರೆ ಮೋಶೆ ಹೋಗುವಾಗ ಜನರು ಏನು ಮಾಡ್ತಿದ್ದರು? ತಮ್ಮ ತಮ್ಮ ಡೇರೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೇಘಸ್ತಂಭ ಇಳಿದಾಗ ನಿಂತಲ್ಲೇ ಅಡ್ಡಬೀಳುತ್ತಿದ್ದರು. ಅವರ ಭಕ್ತಿ ಸುಳ್ಳು ಅಂತ ನಾನು ಹೇಳಲ್ಲ. ಆದರೂ ದೂರ ದೂರವಾಗಿಯೇ ಉಳಿಯಿತು.

ನಾವೂ ಹಾಗೆಯೇ ಅಲ್ವಾ? ಭಾನುವಾರ ಕೈ ಎತ್ತಿ ಸ್ತುತಿಸ್ತೀವಿ. ಬರಲಾಗದಿದ್ದರೆ ಲೈವ್‌ನಲ್ಲಿ ನೋಡ್ತೀವಿ. ಕಷ್ಟ ಬಂದರೆ "ಪಾಸ್ಟರ್, ಪ್ರೇಯರ್ ಮಾಡಿ" ಅಂತ ಮೆಸೇಜ್ ಹಾಕ್ತೀವಿ. ಹಾಕಿ, ನಾನು ಖಂಡಿತ ಪ್ರಾರ್ಥಿಸ್ತೀನಿ. ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಬೇಕೆಂದು ಯಾಕೋಬನೂ ಬರೆದಿದ್ದಾನೆ. ಆದರೆ ನನ್ನ ಪ್ರಾರ್ಥನೆ ನಿಮ್ಮ ಪ್ರಾರ್ಥನೆಯ ಬದಲಿ ಆಗಲಾರದು.

ಈಗ 11ನೇ ವಚನದ ಕೊನೆ ನೋಡಿ. ಮೋಶೆ ಪಾಳೆಯಕ್ಕೆ ಹಿಂದಿರುಗುತ್ತಾನೆ. ನೂನನ ಮಗನಾದ ಯೆಹೋಶುವ ಎಂಬ ಯೌವನಸ್ಥ ಮಾತ್ರ ಗುಡಾರ ಬಿಟ್ಟು ಬರಲಿಲ್ಲ. ಒಳಗೆ ಅವನು ಏನು ಕೇಳಿದ, ಏನು ಅನುಭವಿಸಿದ, ಒಂದೂ ಬರೆದಿಲ್ಲ. ಉಳಿದ ಅನ್ನುವುದಷ್ಟೇ ಇದೆ. ಮುಂದೆ ಒಂದು ದಿನ ಮೋಶೆ ಸತ್ತುಹೋದ. ಯೆಹೋಶುವ ಪುಸ್ತಕದ 1ನೇ ಅಧ್ಯಾಯದಲ್ಲಿ ಕರ್ತನು ಯೆಹೋಶುವನ ಸಂಗಡ ನೇರವಾಗಿ ಮಾತಾಡುತ್ತಾನೆ. ಆ ಸನ್ನಿಧಿ ಅವನಿಗೆ ಹೊಸದಾಗಿರಲಿಲ್ಲ.

ಊರಲ್ಲಿ ಅಮ್ಮ ಬೆಳಿಗ್ಗೆ ಎಬ್ಬಿಸಿ ಪ್ರಾರ್ಥನೆಗೆ ಕೂರಿಸ್ತಿದ್ದರು. ಈಗ ಪಿಜಿಯಲ್ಲಿ ಯಾರು ಎಬ್ಬಿಸ್ತಾರೆ? ಅಮ್ಮನ ವಿಶ್ವಾಸ ನಿಮ್ಮನ್ನು ಬಸ್ ಸ್ಟ್ಯಾಂಡ್‌ವರೆಗೆ ಬಿಟ್ಟುಹೋಗಿದೆ, ಮುಂದಕ್ಕೆ ನಿಮ್ಮದೇ ಬೇಕು.

ಹೋಗುವ ಧೈರ್ಯ ಎಲ್ಲಿಂದ? ಇಬ್ರಿಯರಿಗೆ 10ನೇ ಅಧ್ಯಾಯ ಹೇಳುವ ಹಾಗೆ, ಯೇಸುವಿನ ರಕ್ತದಿಂದ ದಾರಿ ತೆರೆದಿದೆ. ಈ ವಾರ ಬಿದ್ದುಹೋಗಿದ್ದೀರಾ? ಸರಿಹೋದ ಮೇಲೆ ಬರ್ತೀನಿ ಅಂತ ಕಾಯಬೇಡಿ, ಇದ್ದ ಹಾಗೇ ಬನ್ನಿ. ವಿಶ್ವಾಸಿಯ ದೇಹವೇ ಪವಿತ್ರಾತ್ಮನ ಆಲಯ. ಹಾಗಾದರೆ ನಾವು ಬಿಟ್ಟು ಹೊರಡಬೇಕಾದ ಪಾಳೆಯ ಯಾವುದು? ಬಹಳ ಮಂದಿಗೆ ಅದು ಕೈಯಲ್ಲಿರುವ ಫೋನೇ.

ದಿನಕ್ಕೆ ಹದಿನೈದು ನಿಮಿಷ ಸಾಕು, ಶುರು ಮಾಡಿ. ರೂಮಲ್ಲಿ ಮೂವರಿದ್ದರೆ ಟೆರೇಸಿಗೆ ಹೋಗಿ. ಫೋನ್ ಕೆಳಗೇ ಇರಲಿ, ಕೈಯಲ್ಲಿ ಸತ್ಯವೇದ ಸಾಕು. ಒಂದು ಕೀರ್ತನೆ ಓದಿ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿ: ಸಾಲ, ಕೆಲಸದ ಭಯ, ಮುರಿದ ಪ್ರೀತಿ, ಬಿಡಲಾಗದ ಪಾಪ. 13ನೇ ಕೀರ್ತನೆಯಲ್ಲಿ ದಾವೀದ ದೇವರನ್ನೇ ಇನ್ನೆಷ್ಟು ದಿನ ಅಂತ ಮತ್ತೆ ಮತ್ತೆ ಕೇಳುತ್ತಾನೆ. ದೇವರು ಅವನನ್ನು ತಳ್ಳಿಬಿಡಲಿಲ್ಲ. ಕೊನೆಗೆ ಸ್ವಲ್ಪ ಹೊತ್ತು ಸುಮ್ಮನಿರಿ. ಕಣ್ಣೀರು ಬರಲಿಲ್ಲ, ಮೈ ಜುಮ್ ಅನ್ನಲಿಲ್ಲ ಅಂತ ಎದ್ದು ಬರಬೇಡಿ. ಉಳಿಯಿರಿ.

ಪ್ರಾರ್ಥಿಸೋಣ. ತಂದೆಯೇ, ಬಾಗಿಲಲ್ಲೇ ನಿಂತು ನೋಡುತ್ತಿರುವ ನಮ್ಮನ್ನು ಒಳಗೆ ಕರೆದುಕೋ. ಏನೂ ಅನ್ನಿಸದ ದಿನವೂ ನಿನ್ನ ಸನ್ನಿಧಿಯಲ್ಲಿ ಉಳಿಯಲು ಪವಿತ್ರಾತ್ಮನ ಬಲ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.